ರೋಹಿಣಿಯಲ್ಲಿ ಹುಟ್ಟಿದವರು

ಆರ್.ಟಿ. ನಗರದಲ್ಲಿ ಸಿದ್ದಲಿಂಗನನ್ನು ಹೆಸರು ಹಿಡಿದು ಕೇಳಿದರೆ ಯಾರೂ ಮನೆ ತೋರಿಸುವುದಿಲ್ಲ. ಬಲೂನ್ ಸಾರ್ ಎಂದು ಕೇಳಬೇಕು. ಆಗ ಹಾಲಿನ ಅಂಗಡಿಯವರು ತಾವಾಗಿಯೇ ಹೊರಗೆ ಬಂದು, ತಿರುವಿನಲ್ಲಿ ಮೊದಲ ಮಹಡಿ, ಕೆಳಗೆ ಗೂಡ್ಸ್ ಆಟೋ ನಿಂತಿರುತ್ತೆ ನೋಡಿ ಎನ್ನುತ್ತಾರೆ. ಆ ಆಟೋದಲ್ಲಿ ಮಡಚಿಟ್ಟ ಕಪ್ಪು ಗುಡಾರವೊಂದಿದೆ. ಶಾಲೆಯ ಸಭಾಂಗಣದಲ್ಲಿ ಅದನ್ನು ಹರಡಿ ದೊಡ್ಡ ಫ್ಯಾನಿನಿಂದ ಗಾಳಿ ತುಂಬಿದರೆ ಉಬ್ಬಿ ನಿಲ್ಲುತ್ತದೆ. ಮಕ್ಕಳು ಮಂಡಿಯೂರಿ ಒಳಗೆ ತೂರಬೇಕು. ಒಳಗೆ ನಡುಹಗಲಿನಲ್ಲೇ ಕಗ್ಗತ್ತಲು, ನಡುವೆ ಇಟ್ಟ ಯಂತ್ರ ಚೆಲ್ಲುವ ಬೆಳಕಿಗೆ ಮೇಲೆಲ್ಲ ಚುಕ್ಕಿಗಳು.

ಯಲಹಂಕದಿಂದ ಹೆಸರಘಟ್ಟದವರೆಗಿನ ಶಾಲೆಗಳಲ್ಲಿ ಸಿದ್ದಲಿಂಗನಿಗೆ ಒಳ್ಳೆಯ ಹೆಸರಿತ್ತು. ಅದು ಅವನ ವಿಜ್ಞಾನಕ್ಕೆ ಬಂದ ಹೆಸರಲ್ಲ. ಗದಗಿನ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿದವನು, ತಿಳಿವಳಿಕೆಗೇನೂ ಕೊರತೆಯಿರಲಿಲ್ಲ; ಆದರೆ ಮಕ್ಕಳು ಕಾದು ಕೂರುತ್ತಿದ್ದದ್ದು ಅವನು ಹೆದರಿಸುವ ರೀತಿಗೆ. ಕತ್ತಲಲ್ಲಿ ದನಿ ತಗ್ಗಿಸಿ ಕಥೆ ಶುರು ಮಾಡುತ್ತಿದ್ದ. ಅಗೋ ಆ ಕೆಂಪು ಚುಕ್ಕಿ ರೋಹಿಣಿ, ಅವಳ ಬೆನ್ನು ಹತ್ತಿ ಬರುತ್ತಿರುವುದು ಜಿಂಕೆಯ ವೇಷದ ಪ್ರಜಾಪತಿ. ಅದರ ಹಿಂದೆ ಬೇಟೆಗಾರ ವ್ಯಾಧ, ಜಿಂಕೆಯ ಮೈಯಲ್ಲಿ ನೆಟ್ಟಿರುವ ಮೂರು ಚುಕ್ಕಿ ಅವನು ಹೊಡೆದ ಬಾಣ. ಬಾಣ ತಗುಲಿದರೂ ಜಿಂಕೆ ಬಿದ್ದಿಲ್ಲ, ರೋಹಿಣಿ ಇವತ್ತಿಗೂ ಓಡುವುದನ್ನು ನಿಲ್ಲಿಸಿಲ್ಲ. ಇಷ್ಟು ಹೇಳಿ ಸುಮ್ಮನಾಗಿ, ಮೊದಲ ಸಾಲಿನ ಹುಡುಗನ ಹೆಗಲಿಗೆ ಮೆಲ್ಲಗೆ ಬೆರಳು ತಾಗಿಸುತ್ತಿದ್ದ. ಗುಡಾರವೇ ಹಾರಿಹೋಗುವಂತೆ ಮಕ್ಕಳು ಕಿರುಚುತ್ತಿದ್ದವು.

ಆಮೇಲೆ ಶ್ರೀಕೃಷ್ಣನ ಸರದಿ. ಕೃಷ್ಣ ಹುಟ್ಟಿದ್ದೂ ಇದೇ ರೋಹಿಣಿಯಲ್ಲಿ, ಅವನ ಸೋದರಮಾವನ ಗತಿ ಏನಾಯಿತು ಗೊತ್ತಲ್ಲ ಎಂದು ಕೇಳಿ, ಬಾಗಿಲ ಬಳಿ ಕೂತ ಮೇಷ್ಟರ ಕಡೆಗೆ ಚುಕ್ಕಿ ತೋರಿಸುವ ಲೇಸರ್ ಟಾರ್ಚಿನ ಹಸಿರು ಬೆಳಕು ತಿರುಗಿಸುತ್ತಿದ್ದ. "ಸಾರ್, ನಿಮ್ಮ ಅಕ್ಕನೋ ತಂಗಿನೋ ಬಸುರಿ ಇದ್ರೆ ಹುಷಾರಾಗಿರಿ." ಮೇಷ್ಟರು ನಗುತ್ತಿದ್ದರು, ಮಕ್ಕಳಂತೂ ಉರುಳಾಡಿ ನಗುತ್ತಿದ್ದವು. ಅವನೂ ನಗುತ್ತಿದ್ದ. ಆದರೆ ಅವನ ಸ್ವಂತ ತಂಗಿ ಪ್ರತಿಭಾ ಬಸುರಿಯಾದ ಮೇಲೆ ಆ ಮಾತು ನಾಲಿಗೆಗೆ ಬರಲಿಲ್ಲ. ಕೃಷ್ಣನನ್ನು ಪೂರ್ತಿಯಾಗಿ ಬಿಟ್ಟುಬಿಟ್ಟ. ಯಾಕೆ ಬಿಟ್ಟೆ ಎಂದು ತನ್ನನ್ನೂ ಕೇಳಿಕೊಳ್ಳಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಪ್ರತಿಭಾಳನ್ನು ಓದಿಸಿ ಮದುವೆ ಮಾಡಿಕೊಟ್ಟವನು ಅವನೇ. ಆ ಓಡಾಟದಲ್ಲಿ ತನ್ನ ಮದುವೆಯ ಮಾತು ಹಿಂದೆ ಬಿದ್ದು, ಕೊನೆಗೆ ಯಾರೂ ಎತ್ತದಂತಾಯಿತು. ಅವಳ ಗಂಡ ಬಸವಂತ ಸೈನ್ಯದಲ್ಲಿ, ಗಡಿಯಲ್ಲಿದ್ದ. ಹೆರಿಗೆಗೆಂದು ಅವಳು ಅಣ್ಣನ ಮನೆಗೆ ಬಂದಿದ್ದಳು. ದಿನ ತುಂಬಲು ಇನ್ನೂ ಎರಡು ತಿಂಗಳಿತ್ತು.

ಜನವರಿಯ ಒಂದು ದಿನ ಯಲಹಂಕದ ಶಾಲೆಯಲ್ಲಿ ಗುಡಾರ ಹಾಕಿದ್ದ. ಅವನದೊಂದು ಪದ್ಧತಿಯಿತ್ತು: ಯಾವ ಶಾಲೆಗೆ ಹೋದರೂ ಯಂತ್ರದಲ್ಲಿ ಅವತ್ತು ಸಂಜೆಯದೇ ಆಕಾಶ ಇಡುತ್ತಿದ್ದ. ಮನೆಗೆ ಹೋದ ಮಕ್ಕಳು ತಾರಸಿ ಹತ್ತಿ ಅದನ್ನೇ ನೋಡಲಿ ಎಂಬ ಆಸೆ. ಅವತ್ತು ಚಂದ್ರ ಸರಿಯಾಗಿ ರೋಹಿಣಿಯ ಪಕ್ಕಕ್ಕೆ ಬಂದು ಕೂತಿದ್ದ. ಇಪ್ಪತ್ತೇಳು ಜನ ಹೆಂಡಿರಿದ್ದರೂ ಚಂದ್ರ ರೋಹಿಣಿಯ ಮನೆಯೊಂದನ್ನೇ ಬಿಡಲೊಲ್ಲ. ಉಳಿದವರು ಅಪ್ಪನ ಹತ್ತಿರ ಅತ್ತು ದೂರು ಹೇಳಿದರು. ಅಪ್ಪ ದಕ್ಷ ಸಿಟ್ಟಿಗೆದ್ದು ಕ್ಷಯವಾಗಲಿ ಎಂದು ಶಾಪ ಕೊಟ್ಟ. ಅದಕ್ಕೇ ಚಂದ್ರ ಸವೆಯುತ್ತಾನೆ. ಇದನ್ನು ಹೇಳುತ್ತಿರುವಾಗ ಜೇಬಿನಲ್ಲಿ ಫೋನು ನಡುಗಿತು. ಹಾಲಿನ ಅಂಗಡಿಯ ರತ್ನಕ್ಕ ಕಳಿಸಿದ್ದ ಸಂದೇಶ. ಪ್ರತಿಭಾಗೆ ಬಿ.ಪಿ. ಏರಿ ಫಿಟ್ಸ್ ಬಂತು, ಹೆಬ್ಬಾಳದ ಆಸ್ಪತ್ರೆಗೆ ಸೇರಿಸಿದೀವಿ, ಆಪರೇಷನ್ ಮಾಡಿ ಮಗು ತೆಗೆದಿದಾರೆ, ಗಂಡು.

ಅವನ ಕೈಯ ಹಸಿರು ಬೆಳಕು ಚಂದ್ರನ ಮೇಲೆ ನಿಂತಿತ್ತು. ಪಂಚಾಂಗ ತೆಗೆಯುವ ಅಗತ್ಯ ಬೀಳಲಿಲ್ಲ. ಮಗುವಿನ ನಕ್ಷತ್ರ ಯಾವುದೆಂದು ಇಡೀ ಊರಿಗಿಂತ ಮೊದಲು ತಿಳಿದವನು ಸೋದರಮಾವನೇ. ಮಕ್ಕಳು ಮುಂದೇನು ಸಾರ್ ಎಂದು ಕೇಳುತ್ತಲೇ ಇದ್ದವು. ಎಷ್ಟು ಜನರನ್ನು ಆ ಕತ್ತಲಲ್ಲಿ ಹೆದರಿಸಿದ್ದನೋ, ಅವತ್ತು ತಾನೇ ಹೆದರಿ ಕೂತುಬಿಟ್ಟ.

ಇಷ್ಟು ಓದಿದವನಿಗೆ ಇಂಥ ಭಯವೇ ಎಂದು ನಗುವವರು ನಗಲಿ. ಭಯ ಬಿ.ಎಸ್ಸಿ. ಓದಿಕೊಂಡು ಬರುವುದಿಲ್ಲ. ರೋಹಿಣಿಯಲ್ಲಿ ಹುಟ್ಟಿದ ಗಂಡು ಸೋದರಮಾವನಿಗೆ ಕಂಟಕ ಎಂಬುದನ್ನು ಅವನು ಅವ್ವನ ಮಡಿಲಲ್ಲಿ ಕೂತೇ ಕೇಳಿದ್ದ. ಅದಕ್ಕೊಂದು ಪರಿಹಾರವೂ ಇತ್ತು. ತೊಟ್ಟಿಲಿಗೆ ಹಾಕುವ ದಿನ ಬಟ್ಟಲಲ್ಲಿ ಎಣ್ಣೆ ತುಂಬಿಡುತ್ತಾರೆ, ಮಗುವನ್ನು ಅದರ ಮೇಲೆ ಹಿಡಿಯುತ್ತಾರೆ, ಮಾವನಾದವನು ಮೊದಲು ಎಣ್ಣೆಯಲ್ಲಿ ಮಗುವಿನ ಮುಖ ನೋಡಬೇಕು. ಅಲ್ಲಿಯವರೆಗೆ ಮಗುವಿನ ಕಡೆ ಕಣ್ಣೆತ್ತಬಾರದು.

ಆಸ್ಪತ್ರೆಯಲ್ಲಿ ಅವನ ಅವ್ವ ಸಂಗವ್ವ ಮೆಟ್ಟಿಲ ಬಳಿಯೇ ಅಡ್ಡ ನಿಂತಿದ್ದಳು. ಅವಳಿಗೂ ಯಾರೋ ನಕ್ಷತ್ರ ಹೇಳಿಯಾಗಿತ್ತು. "ತಂಗೀನ್ನ ನೋಡು. ಕೂಸಿನ ಕಡೆ ಹೋಗಬ್ಯಾಡ. ನಿನ್ನ ಕಾಲ್ ಬೀಳ್ತೀನಿ" ಎಂದಳು. ಹೋಗುವ ಧೈರ್ಯ ಅವನಿಗೂ ಇರಲಿಲ್ಲ. ಐಸಿಯುನಲ್ಲಿ ಪ್ರತಿಭಾ ಎಚ್ಚರವಿಲ್ಲದೆ ಮಲಗಿದ್ದಳು. ಮಗು ಮೇಲಿನ ಮಹಡಿಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿತ್ತು. ಔಷಧಿ ಚೀಟಿ ಇಸಿದುಕೊಳ್ಳಲು ಆ ವಾರ್ಡಿಗೆ ಹೋಗಲೇಬೇಕಾದಾಗ ಅವನು ದೊಡ್ಡ ಗಾಜಿನ ಕಿಟಕಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದ. ನರ್ಸುಗಳು ಕರೆದರೆ ಪಕ್ಕಕ್ಕೆ ನಡೆದು, ಗೋಡೆ ನೋಡುತ್ತ ಕೈ ಚಾಚಿ ಚೀಟಿ ತೆಗೆದುಕೊಳ್ಳುತ್ತಿದ್ದ.

ಆ ದಿನಗಳಲ್ಲಿ ಅವನಿಗೆ ಎಲ್ಲದರಲ್ಲೂ ಸಾವು ಕಾಣತೊಡಗಿತು. ಹೆಬ್ಬಾಳದ ಮೇಲ್ಸೇತುವೆ ಹತ್ತುವುದನ್ನು ಬಿಟ್ಟು ಕೆಳಗಿನ ಜಾಮಿನಲ್ಲಿ ಸಿಕ್ಕಿಕೊಳ್ಳುತ್ತಿದ್ದ. ಗೊರಗುಂಟೆಪಾಳ್ಯದ ಸಿಗ್ನಲಿನಲ್ಲಿ ಪಕ್ಕದಲ್ಲಿ ಲಾರಿ ನಿಂತರೆ ಉಸಿರು ಬಿಗಿಹಿಡಿಯುತ್ತಿದ್ದ. ಮನೆಯ ಸೀಲಿಂಗ್ ಫ್ಯಾನು ಕಿರುಗುಟ್ಟಿದ್ದಕ್ಕೆ ಹಾಸಿಗೆಯನ್ನೇ ಮೂಲೆಗೆ ಎಳೆದುಕೊಂಡ. ಕನ್ನಡಿಯಲ್ಲಿ ತನ್ನ ಮುಖ ನೋಡಿ, ಇದೇನು ಬಿಳಿಚಿಕೊಂಡಿದೆಯಲ್ಲ ಎಂದು ಮತ್ತಷ್ಟು ಬಿಳಿಚಿಕೊಳ್ಳುತ್ತಿದ್ದ.

ಹೀಗಿರುವಾಗ ವಾರ್ಡಿನ ನರ್ಸ್ ಅಸ್ಮಾ ಅವನನ್ನು ಕರೆದಳು. ಮಗು ತೂಕ ಏರುತ್ತಿಲ್ಲ, ಮೈ ಬೆಚ್ಚಗೆ ನಿಲ್ಲುತ್ತಿಲ್ಲ. ಮನೆಯವರೊಬ್ಬರು ದಿನಾ ಒಂದಷ್ಟು ಹೊತ್ತು ಬರಿಯ ಎದೆಯ ಮೇಲೆ ಮಲಗಿಸಿಕೊಳ್ಳಬೇಕು ಎಂದಳು. "ತಾಯಿ ಇನ್ನೂ ಎದ್ದಿಲ್ಲ. ತಂದೆ ಬರೋದು ಯಾವಾಗ?"

"ರಜೆ ಸಿಕ್ಕಿದೆ. ಅಲ್ಲಿ ಹಿಮ, ದಾರಿ ಬಂದ್ ಆಗಿದೆ ಅಂತೆ."

"ಅಜ್ಜಿಗೆ ಕೆಮ್ಮು, ಒಳಗೆ ಬಿಡೋಕಾಗಲ್ಲ. ಹಾಗಾದ್ರೆ ನೀವೇ ಬರ್ಬೇಕು ಅಣ್ಣಾ."

ನೋಡೋಣ ಎಂದು ಹೇಳಿ ಕೆಳಗಿಳಿದು ಬಂದ. ಆಸ್ಪತ್ರೆಯ ಹೊರಗಿನ ಚಹಾ ಗಾಡಿಯ ಬಳಿ ಸಂಗವ್ವ ಕೂತಿದ್ದಳು. ವಿಷಯ ಕೇಳಿದವಳೇ ಕಪ್ಪು ಕೆಳಗಿಟ್ಟಳು.

"ಬ್ಯಾಡ. ಬ್ಯಾರೆ ಯಾರನ್ನರ ಹುಡುಕು."

"ಯಾರ ಅದಾರವ್ವ? ಕೂಸಿಗೆ ಏನರ ಆದ್ರ ಪ್ರತಿಭಾಗ ಏನ್ ಹೇಳೂದು?"

"ನಿನಗ ಏನರ ಆದ್ರ ನಾ ಯಾರಿಗೆ ಹೇಳ್ಲಿ? ನಿಮ್ಮ ಫಕೀರಪ್ಪ ಮಾಮಾ ನೋಡು. ಅಂವ ಗಟ್ಟಿ ಮನಸ್ಸು ಮಾಡಿದ, ಅದಕ್ಕ ಎಂಬತ್ತಾದ್ರೂ ಹೊಲಕ್ಕ ಹೊಕ್ಕಾನ."

ಅವ್ವನ ಅಣ್ಣನಾದ ಮಾಮಾನಿಗೂ ಇದಕ್ಕೂ ಏನು ಸಂಬಂಧ ಎಂದು ಸಿದ್ದಲಿಂಗನಿಗೆ ತಿಳಿಯಲಿಲ್ಲ. ಸಂಗವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಮಾತು ಜಾರಿಬಿಟ್ಟಿತ್ತು, ಹಿಂದೆ ತೆಗೆದುಕೊಳ್ಳಲು ದಾರಿಯಿರಲಿಲ್ಲ. "ನಿಂದು ಮೃಗಶಿರಾ ಅಲ್ಲೋ ತಮ್ಮಾ. ನೀನೂ ರೋಹಿಣಿನ" ಎಂದಳು.

ಚಿಕ್ಕಂದಿನಿಂದ ತನ್ನದು ಮೃಗಶಿರಾ ಎಂದೇ ನಂಬಿದ್ದ ಅವನಿಗೆ ಇದನ್ನು ಪತ್ತೆ ಮಾಡುವ ದಾರಿಯೇ ಇರಲಿಲ್ಲ. ಸಾವಿರ ವರ್ಷದ ಹಿಂದಿನ ಆಕಾಶವನ್ನೂ ಗುಡಾರದಲ್ಲಿ ಮೂಡಿಸಬಲ್ಲವನ ಹುಟ್ಟಿದ ದಿನ ಮಾತ್ರ ಶಾಲೆಯ ಮಾಸ್ತರರು ಊರ ಮಕ್ಕಳಿಗೆಲ್ಲ ಬರೆದ ಜೂನ್ ಒಂದು. ಸಂಗವ್ವ ಹೇಳುತ್ತ ಹೋದಳು. ಅವನನ್ನು ತೊಟ್ಟಿಲಿಗೆ ಹಾಕುವ ದಿನ ಎಣ್ಣೆ ಬಟ್ಟಲು ತುಂಬಿ ಕಾಯುತ್ತಿದ್ದರು. ಬರುವ ದಾರಿಯಲ್ಲಿ ಮಾಮಾನ ಬಂಡಿ ಹಳ್ಳದಲ್ಲಿ ಮಗುಚಿ ಕಾಲು ಮುರಿಯಿತು. ನೋಡುವ ಮೊದಲೇ ಹಿಂಗಾತು, ನೋಡಿದರೆ ಏನಾಗಿ ಹೋದೀತು ಎಂದು ಎರಡೂ ಮನೆಯವರು ನಡುಗಿದರು. ಎಣ್ಣೆ ಬಟ್ಟಲನ್ನು ಮತ್ತೆ ಇಡಲೇ ಇಲ್ಲ.

ಸಿದ್ದಲಿಂಗನಿಗೆ ಮಾಮಾ ಎಂದರೆ ಒಂದು ಬೆನ್ನು. ಕೆಂಪು ರುಮಾಲಿನ ತುದಿ ಇಳಿಬಿದ್ದ ಅಗಲವಾದ ಬೆನ್ನು. ಹಬ್ಬಹಬ್ಬಕ್ಕೆ ಮಾಮಾ ಬರುತ್ತಿದ್ದ, ಕುಂಟುತ್ತ ಕಟ್ಟೆಯವರೆಗೆ ಬಂದು ಬೀದಿಗೆ ಮುಖ ಮಾಡಿ ಕೂರುತ್ತಿದ್ದ. ಹೊಸ ಅಂಗಿ, ಬೆಂಡು ಬತ್ತಾಸು ಎಲ್ಲ ತರುತ್ತಿದ್ದ, ಹಿಂದಕ್ಕೆ ಕೈ ಚಾಚಿ ಕೊಡುತ್ತಿದ್ದ. ಹುಡುಗ ಎದುರಿಗೆ ಹೋಗಿ ನಿಂತರೆ ಎದ್ದು ಹೋಗುತ್ತಿದ್ದ. ತಾನು ಕುರೂಪಿಯಿರಬೇಕು, ಇಲ್ಲವೇ ಏನೋ ತಪ್ಪು ಮಾಡಿರಬೇಕು ಎಂದು ಹುಡುಗ ಎಷ್ಟೋ ಸಲ ನೀರಿನ ಹಂಡೆಗೆ ಬಗ್ಗಿ ತನ್ನ ಮುಖ ನೋಡಿಕೊಂಡದ್ದುಂಟು. ಅವ್ವನನ್ನು ಕೇಳಿದರೆ ಅಂವನ ಸ್ವಭಾವನ ಹಂಗ ಎನ್ನುತ್ತಿದ್ದಳು.

ಈಗ ಮೇಲಿನ ಮಹಡಿಯ ಗಾಜಿನ ಕಿಟಕಿ ಅವನ ನೆನಪಿಗೆ ಬಂತು. ತುಂಬ ನಾಚಿಕೆಯಾಯಿತು. ಆದರೆ ಹೆದರಿಕೆ ಒಂದು ಕೂದಲಿನಷ್ಟೂ ಕಡಿಮೆಯಾಗಲಿಲ್ಲ, ಬದಲಿಗೆ ಹೆಚ್ಚಿತು. ಮಾಮಾ ನೋಡಲಿಲ್ಲ, ಉಳಿದ. ಅವ್ವನ ಲೆಕ್ಕದಲ್ಲಿ ತಪ್ಪು ಹುಡುಕುವುದು ಅವನಿಗೆ ಆಗಲಿಲ್ಲ.

"ಎದಿ ಮ್ಯಾಲೆ ಮಲಗಿಸ್ಕೊಂಡ್ರ ಮುಖ ಕಾಣಂಗಿಲ್ಲವ್ವ" ಎಂದ ಕೊನೆಗೆ. "ಕಣ್ಣು ಮುಚ್ಕೊಂಡ ಕುಂದ್ರತೀನಿ." ಎದ್ದು ಮೆಟ್ಟಿಲ ಕಡೆ ನಡೆದ. ಅವನ ಬೆನ್ನ ಹಿಂದೆ ಸಂಗವ್ವ ಸೆರಗು ಬಾಯಿಗೊತ್ತಿಕೊಂಡು ಅಳುತ್ತ ಕೂತಳು.

ಅಸ್ಮಾ ಅವನನ್ನು ಒರಗು ಕುರ್ಚಿಯಲ್ಲಿ ಕೂರಿಸಿ, ಅಂಗಿ ತೆಗೆಸಿ, ಮಗುವನ್ನು ಎದೆಗೆ ಒತ್ತಿಟ್ಟು ಬಟ್ಟೆಯಿಂದ ಬಿಗಿದಳು. ಅವನು ಕಣ್ಣು ಮುಚ್ಚಿಕೊಂಡಿದ್ದ. ಒಂದು ಹಿಡಿ ಜೀವ. ಎದೆಯ ಮೇಲೆ ಏನೋ ಬೆಚ್ಚಗಿನದು ಮಿಸುಕಾಡಿತು. ಅವನ ಗುಂಡಿಗೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ ಮಗು ಅದಕ್ಕೇ ಬೆಚ್ಚೀತೇನೋ ಅನ್ನಿಸಿತು.

"ಕಣ್ಣು ಮುಚ್ಬೇಡಿ ಅಣ್ಣಾ" ಎಂದಳು ಅಸ್ಮಾ. "ದಿನ ತುಂಬದ ಮಗು, ಮಧ್ಯೆ ಮಧ್ಯೆ ಉಸಿರು ಆಡೋದನ್ನೇ ಮರೆತುಬಿಡುತ್ತೆ. ಮಷೀನ್ ಇದೆ, ಆದ್ರೂ ಮುಖ ನೋಡ್ತಾನೇ ಇರ್ಬೇಕು. ತುಟಿ ನೀಲಿ ಆದ್ರೆ ಬೆನ್ನು ಉಜ್ಜಿ, ನನ್ನ ಕೂಗಿ."

ಮುಖ ನೋಡುವಂತಿಲ್ಲ ಎಂದು ಅವನು ಬಾಯಿ ಬಿಟ್ಟು ಹೇಳಬೇಕಾಯಿತು. ರೋಹಿಣಿ, ಕಂಸ, ಎಣ್ಣೆ ಬಟ್ಟಲು ಎಲ್ಲವನ್ನೂ ಕಣ್ಣು ಮುಚ್ಚಿಕೊಂಡೇ ಹೇಳಿದ. ಶಾಲೆಯಲ್ಲಿ ಅಷ್ಟು ರಂಜಿಸಿ ಹೇಳುತ್ತಿದ್ದ ಕಥೆ ಅವತ್ತು ತೊದಲಿಕೊಂಡು ಹೊರಬಂತು. ಅಸ್ಮಾ ನಗಲಿಲ್ಲ. ಹೋಗಿ ಅಂಗೈಯಗಲದ ಕನ್ನಡಿಯೊಂದನ್ನು ತಂದು ಅವನ ಕೈಗಿಟ್ಟಳು. ಎದೆಯ ಮೇಲೆ ಮಲಗಿದ ಮಗುವಿನ ಮುಖ ತಾಯಂದಿರಿಗೆ ಸರಿಯಾಗಿ ಕಾಣುವುದಿಲ್ಲವೆಂದು ವಾರ್ಡಿನಲ್ಲಿ ಅಂಥ ಕನ್ನಡಿ ಇಟ್ಟಿದ್ದರು. "ಇದ್ರಲ್ಲಿ ನೋಡಿ. ಎಣ್ಣೆಲಿ ನೋಡೋದೂ ಇದೇ ತಾನೇ?"

ಆ ಮಾತು ಅವನಿಗೆ ದೇವರೇ ಆಡಿಸಿದಂತೆ ಕೇಳಿತು. ಕನ್ನಡಿ ಓರೆ ಹಿಡಿದು ಕಣ್ಣು ತೆರೆದ. ನಿಂಬೆಹಣ್ಣಿನಷ್ಟು ಮುಖ, ಹಣೆಯ ತುಂಬ ನೆರಿಗೆ. ಕೆಳಗೆ ಬಂದು ಅವ್ವನಿಗೆ ಕನ್ನಡಿಯ ವಿಷಯ ಹೇಳಿದಾಗ ಅವಳು ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡಳು. ಅಲ್ಲಿಂದ ಮುಂದೆ ದಿನಾ ಬೆಳಗಿನ ಹೊತ್ತು ಅವನ ಎದೆಯೇ ಮಗುವಿನ ತೊಟ್ಟಿಲಾಯಿತು. ಪ್ರತಿಭಾಗೂ ಎಚ್ಚರವಾಯಿತು, ಮಾತು ಬಂತು. ಅವಳು ಕೇಳಿದ ಮೊದಲ ಪ್ರಶ್ನೆ, ಪಾಪು ಯಾರಂಗ ಐತಿ ಅಣ್ಣಾ ಎಂಬುದು. ನಿನ್ನಂಗ ಎಂದ. ಕನ್ನಡಿಯಲ್ಲಿ ನೋಡಿದ್ದು ಎಂದು ಹೇಳಲಿಲ್ಲ.

ಒಂದು ಬೆಳಿಗ್ಗೆ ಅಸ್ಮಾ ಆ ಕಡೆಯ ಪೆಟ್ಟಿಗೆಯ ಬಳಿ ಇದ್ದಳು. ಮಗು ಕಾಲು ಒದೆದು ಮಷೀನಿನ ವೈರು ಕಳಚಿಕೊಂಡಿದ್ದು ಯಾರಿಗೂ ಗೊತ್ತಾಗಲಿಲ್ಲ. ಸಿದ್ದಲಿಂಗ ಅಂಗೈ ಬೆವರೊರೆಸಿಕೊಳ್ಳಲು ಹೋದ, ಕನ್ನಡಿ ಜಾರಿ ನೆಲಕ್ಕೆ ಬಿದ್ದು ಒಡೆಯಿತು. ಆ ಸದ್ದಿಗೆ ಮಗು ಬೆಚ್ಚಬೇಕಿತ್ತು, ಬೆಚ್ಚಲಿಲ್ಲ. ಎದೆಯ ಮೇಲಿನ ಮಿಸುಕಾಟ ನಿಂತಿದೆ ಎಂಬುದು ಅವನ ಚರ್ಮಕ್ಕೆ ಮೊದಲು ತಿಳಿಯಿತು.

ಆಗ ಅವನು ರೋಹಿಣಿಯನ್ನು ನೆನೆಯಲಿಲ್ಲ ಎಂದರೆ ಸುಳ್ಳಾದೀತು. ನೆನೆದ. ನೋಡಿದರೆ ಸತ್ತೆ ಎಂದು ಸ್ಪಷ್ಟವಾಗಿ ಅನ್ನಿಸಿತು. ಆದರೂ ಬಟ್ಟೆ ಸರಿಸಿ, ಮಗುವಿನ ಕತ್ತು ಎತ್ತಿ ಹಿಡಿದು ನೇರವಾಗಿ ಮುಖ ನೋಡಿದ. ತುಟಿ ನೇರಳೆ ಹಣ್ಣು ತಿಂದಂತಿತ್ತು. "ಸಿಸ್ಟರ್" ಎಂದು ಕೂಗುತ್ತ ಬೆನ್ನು ಉಜ್ಜಿದ, ಪಾದ ಉಜ್ಜಿದ, ಕೂಸಽ ಕೂಸಽ ಎಂದು ಏನೇನೋ ತೊದಲಿದ. ಅಸ್ಮಾ ಓಡಿ ಬರುವಷ್ಟರಲ್ಲಿ ಮಗು ಒಮ್ಮೆ ಬಿಕ್ಕಿ ಉಸಿರೆಳೆಯಿತು, ಮುಖ ಕೆಂಪಗಾಯಿತು, ಸಣ್ಣ ದನಿಯಲ್ಲಿ ಅತ್ತಿತು. ಅತ್ತು ಕಣ್ಣು ಬಿಟ್ಟು ಅವನನ್ನು ನೋಡಿತು. ಅವನೂ ನೋಡಿದ. ಇನ್ನು ಮುಚ್ಚಿಕೊಂಡು ಏನು ಪ್ರಯೋಜನ ಎಂದು ಆಮೇಲೂ ನೋಡುತ್ತಲೇ ಕೂತ.

ಇದನ್ನು ಅವ್ವನಿಗೆ ಹೇಳಲಿಲ್ಲ. ಬಸವಂತ ಬಂದ, ಮಗು ಮೈ ತುಂಬಿಕೊಂಡು ಮನೆಗೆ ಬಂತು, ಬೇಸಿಗೆ ಶುರುವಾಯಿತು. ಅವ್ವನೆದುರು ಕನ್ನಡಿಯಲ್ಲೇ ಮಗುವನ್ನು ನೋಡುತ್ತಿದ್ದ ಸಿದ್ದಲಿಂಗ ಮತ್ತೆ ಗುಡಾರ ಹಾಕತೊಡಗಿದ. ಮೇಲ್ಸೇತುವೆ ಹತ್ತುವಾಗ ಈಗಲೂ ಎದೆ ಹೊಡೆದುಕೊಳ್ಳುತ್ತಿತ್ತು. ಆದರೂ ಹತ್ತುತ್ತಿದ್ದ, ಬೇಗ ಮನೆಗೆ ಹೋದರೆ ಮಗು ಎಚ್ಚರವಿರುತ್ತದಲ್ಲ.

ತೊಟ್ಟಿಲ ಶಾಸ್ತ್ರಕ್ಕೆ ಸಂಗವ್ವ ತನ್ನ ಅಣ್ಣನನ್ನು ಕರೆಸಿದಳು. ಸಿದ್ದಲಿಂಗ ಯಶವಂತಪುರ ಸ್ಟೇಷನ್ನಿಗೆ ಹೋದ. ಮುದುಕರು ರೈಲಿನಿಂದ ಇಳಿಯುವುದು ಹಿಮ್ಮುಖವಾಗಿ, ಕಂಬಿ ಹಿಡಿದುಕೊಂಡು. ಅವನು ಬೆನ್ನಿನಿಂದಲೇ ಮಾಮಾನ ಗುರುತು ಹಿಡಿದ. ರುಮಾಲಿನ ಬಣ್ಣ ಮಾಸಿತ್ತು, ಬೆನ್ನು ಬಾಗಿತ್ತು. ಆಟೋದಲ್ಲಿ ಮಾಮಾ ದಾರಿಯುದ್ದಕ್ಕೂ ಆ ಕಡೆಯ ಅಂಗಡಿಗಳನ್ನೇ ನೋಡುತ್ತ ಕೂತ.

ಮನೆಯಲ್ಲಿ ಕಂಬಳಿ ಹಾಸಿ, ಸಂಗವ್ವ ಕಂಚಿನ ಬಟ್ಟಲಿನ ತುಂಬ ಕುಸುಬಿ ಎಣ್ಣೆ ಹೊಯ್ದು ಸಿದ್ದಲಿಂಗನ ಮುಂದಿಟ್ಟಳು. ಪ್ರತಿಭಾ ಮಗುವನ್ನು ಎತ್ತಿಕೊಂಡು ಬಂದಳು.

"ನನಗ ಎಣ್ಣಿ ಬ್ಯಾಡವ್ವ" ಎಂದ ಸಿದ್ದಲಿಂಗ. "ಕನ್ನಡಿ ಒಡೆದಿತ್ತು. ಕೂಸಿನ ಉಸಿರು ನಿಂತಿತ್ತು. ನಾ ಖುದ್ದ ನೋಡೀನಿ."

ಸಂಗವ್ವ ಗೋಡೆ ಹಿಡಿದುಕೊಂಡಳು. ಬಾಗಿಲ ಕಡೆ ಮುಖ ಮಾಡಿ ಕೂತಿದ್ದ ಫಕೀರಪ್ಪ ಮಾಮಾ ಹಾಗೇ ಕೂತು ಕೇಳಿದ. "ಯಾವಾಗ ನೋಡಿದಿ?"

"ಚಳಿಗಾಲದಾಗ."

"ಏನರ ಆತೇನು?"

"ಏನೂ ಆಗಿಲ್ಲ. ದಿನಾ ಹೆದರಿಕಿ ಆಕ್ಕೈತಿ, ಅಷ್ಟ."

"ಅಷ್ಟು ಹೆದರಿಕಿ ನನಗ ನೋಡಲಾರದನೂ ಆಗೈತಿ" ಎಂದ ಮಾಮಾ. ರುಮಾಲು ತೆಗೆದು ಮಡಿಲಲ್ಲಿಟ್ಟುಕೊಂಡ. ಆಮೇಲೆ ಹಿಂದಕ್ಕೆ ಕೈ ಚಾಚಿ, ಬಟ್ಟಲನ್ನು ಎಳೆದು ತನ್ನ ಮುಂದಿಟ್ಟುಕೊಂಡ. "ಬಾ ಇಲ್ಲೆ. ಬಗ್ಗು."

ಸಿದ್ದಲಿಂಗ ಮಾಮಾನ ಹೆಗಲ ಹಿಂದೆ ಮಂಡಿಯೂರಿ ಬಗ್ಗಿದ. ಬಟ್ಟಲು ಎಳೆದ ರಭಸಕ್ಕೆ ಎಣ್ಣೆ ಅಲುಗಾಡಿ ಏನೂ ಕಾಣುತ್ತಿರಲಿಲ್ಲ. ಅದು ನಿಲ್ಲುವವರೆಗೆ ಇಬ್ಬರೂ ಕಾದರು. ಮಾಮಾ ಉಸಿರು ಬಿಗಿಹಿಡಿದು, ಕತ್ತು ಚಾಚಿ, ಎಣ್ಣೆಯಲ್ಲಿ ಮೂಡಿದ ಅಳಿಯನ ಮುಖವನ್ನು ಬಹಳ ಹೊತ್ತು ನೋಡಿದ.

"ತಲಿ ಬೆಳ್ಳಗಾಗೈತಲ್ಲೋ ತಮ್ಮಾ" ಎಂದು ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಹಿಂದಕ್ಕೆ ತಿರುಗಿದ.